ಗಡಿಬಿಡಿಯಮ್ಮನ ಮೇಜು

ಬಿಳಿ ಬಟ್ಟೆಯ ಮೇಲೆ ನೀರು ಚಿಮುಕಿಸಿ ಮಗಳು ಇಸ್ತ್ರಿಪೆಟ್ಟಿಗೆಯನ್ನು ಒತ್ತಿದಳು. ಸುಂಯ್ ಎಂದು ಹಬೆ ಎದ್ದಿತು. ಒಳಕೋಣೆಯ ಮಂಚದ ಮೇಲೆ ಮಲಗಿದ್ದ ತಾಯಿಗೆ ಹೊದಿಸಬೇಕಾದ ಬಟ್ಟೆ ಅದು. ಅಂಗಡಿಯಿಂದ ತಂದಾಗ ಮಡಿಕೆಯ ಗೆರೆಗಳು ಗಟ್ಟಿಯಾಗಿ ಕೂತಿದ್ದವು. ಜೀವಮಾನವೆಲ್ಲ ಬೀದಿಯವರ ಬಟ್ಟೆಯ ಸುಕ್ಕು ಬಿಡಿಸಿದವಳನ್ನು ಸುಕ್ಕುಬಟ್ಟೆಯಲ್ಲಿ ಕಳಿಸುವುದಕ್ಕೆ ಮಗಳಿಗೆ ಮನಸ್ಸು ಬಂದಿರಲಿಲ್ಲ.

"ಅಂಚು ಹಿಡ್ಕೊಂಡಿದ್ದೀನಿ, ಎಳಿ," ಎಂದಳು ಪಕ್ಕದ ಮನೆಯ ದರ್ಜಿಯಾಕೆ. "ಎಷ್ಟು ನಿಧಾನ ಕಣೇ ನೀನು. ನಿಮ್ಮಮ್ಮ ಆಗಿದ್ರೆ ಇಷ್ಟೊತ್ತಿಗೆ ಇಸ್ತ್ರಿ ಹೊಡೆದು, ತಾನೇ ಹೊದ್ದುಕೊಂಡು, ನಡೆದುಹೋಗಿ ಗುಂಡೀಲಿ ಮಲಗಿಬಿಡ್ತಿದ್ಲು."

ಮಗಳಿಗೆ ನಗು ಬಂತು. ನಗುವಿನ ಹಿಂದೆಯೇ ಅಳುವೂ ಬಂದು, ಪೆಟ್ಟಿಗೆಯನ್ನು ಪಕ್ಕಕ್ಕೆ ನಿಲ್ಲಿಸಿ ಮುಖ ಒರೆಸಿಕೊಂಡಳು. ಬೀದಿಯವರೆಲ್ಲ ತಾಯಿಯನ್ನು ಕರೆಯುತ್ತಿದ್ದದ್ದು ಗಡಿಬಿಡಿಯಮ್ಮ ಎಂದೇ. ಹಾಲು ಉಕ್ಕುವ ಮೊದಲೇ ಒಲೆ ಆರಿಸುವವಳು, ಬಸ್ಸು ನಿಲ್ಲುವ ಮೊದಲೇ ಬಾಗಿಲಿಗೆ ಬಂದು ನಿಲ್ಲುವವಳು, ಬಿಸಿ ಆರದ ಬಟ್ಟೆಯನ್ನೇ ಮಡಚಿ ಮನೆಮನೆಗೆ ಮುಟ್ಟಿಸುವವಳು. ಸಿಟಿ ಬಸ್ಸು ಓಡಿಸುವ ಮಗಳಿಗೂ "ನೀನು ಬ್ರೇಕ್ ಒತ್ತೋದೇ ಜಾಸ್ತಿ" ಎಂದು ಬೈಯುತ್ತಿದ್ದಳು. ಸಾಯುವಾಗಲೂ ಅದೇ ಬುದ್ಧಿ. ನಿನ್ನೆ ಸಂಜೆ ಎದೆ ಹಿಡಿದುಕೊಂಡಳು. ಮಗಳು ಆಸ್ಪತ್ರೆಗೆಂದು ಅವಳನ್ನು ಎತ್ತಿಕೊಳ್ಳುವಷ್ಟರಲ್ಲಿ ಹೋಗಿಬಿಟ್ಟಿದ್ದಳು.

ಬಾಗಿಲಲ್ಲಿ ನೆರಳು ಬಿತ್ತು. ಸೋದರಮಾವ, ತಾಯಿಯ ತಮ್ಮ, ಏದುಸಿರು ಬಿಡುತ್ತ ಒಳಗೆ ಬಂದ.

"ಬಂದಿದ್ದಾನೆ," ಎಂದ.

"ಯಾರು ಮಾವ?"

"ನಿಮ್ಮಪ್ಪ. ಪ್ರಾರ್ಥನಾಮಂದಿರದ ಜಗಲಿ ಮೇಲೆ ಕೂತಿದ್ದಾನೆ. ಗುರುಗಳೇ ಹೇಳಿಕಳಿಸಿದ್ರಂತೆ. ಕ್ಷಮೆಯ ಮಾತು ಹೇಳೋಕೆ ಒಪ್ಪಿದ್ದಾನೆ."

ದರ್ಜಿಯಾಕೆಯ ಕೈಯಿಂದ ಬಟ್ಟೆಯ ಅಂಚು ಜಾರಿತು.

ಅವರ ಪಂಥದಲ್ಲಿ ಹೆಂಗಸು ಸತ್ತರೆ ಗಂಡನೋ, ಗಂಡ ಇಲ್ಲದಿದ್ದರೆ ತಂದೆಯೋ ಮಗನೋ, ರುದ್ರಭೂಮಿಯ ಗೇಟಿನ ಬಳಿ ನಿಂತು ಒಂದು ಮಾತು ಹೇಳಬೇಕು. "ಇವಳು ನನ್ನ ಮಾತು ಮೀರಿ ಮಾಡಿದ ತಪ್ಪನ್ನೆಲ್ಲ ಕ್ಷಮಿಸಿದ್ದೇನೆ, ಮಣ್ಣು ಇವಳನ್ನು ಒಪ್ಪಿಕೊಳ್ಳಲಿ." ಆ ಮಾತಿಗೆ ಜನ ಸಿಗುವವರೆಗೆ ಮಂದಿರದಿಂದ ಹೆಣ ಹೊರುವ ಮಂಚ ಬರುವುದಿಲ್ಲ, ಆ ಮಾತು ಕೇಳುವವರೆಗೆ ಗೇಟಿನೊಳಗೆ ಹೆಣ ಹೋಗುವುದಿಲ್ಲ. ಹೆಂಗಸರು ಗೇಟಿನ ಹೊರಗೇ ನಿಲ್ಲುವರು. ಅಜ್ಜಿಯರ ಕಾಲದಿಂದ ನಡೆದುಬಂದದ್ದು, ಯಾರೂ ಯಾಕೆ ಎಂದವರಿಲ್ಲ.

ತಾಯಿ ಎರಡೇ ಎರಡು ಮಾತು ಹೇಳಿಟ್ಟಿದ್ದಳು. ಒಂದು, ನನ್ನನ್ನು ದೊಡ್ಡವಳ ಪಕ್ಕದಲ್ಲಿ ಮಲಗಿಸು. ಇನ್ನೊಂದು, ಯಾರೂ ನನ್ನನ್ನು ಕ್ಷಮಿಸಕೂಡದು. ದೊಡ್ಡವಳು ಎಂದರೆ ಮೊದಲ ಮಗು, ನಡಿಗೆ ಕಲಿಯುವ ವಯಸ್ಸಿನಲ್ಲೇ ತೀರಿಕೊಂಡದ್ದು. ತಲೆ ನೆರೆಯುತ್ತ ಬಂದಿದ್ದರೂ ಈ ಮಗಳು ಮಾತ್ರ ಕೊನೆಯವರೆಗೂ ಚಿಕ್ಕವಳೇ ಆಗಿದ್ದಳು.

"ಎರಡೂ ಒಟ್ಟಿಗೆ ಆಗಲ್ಲ ಕಣಮ್ಮ," ಎಂದ ಮಾವ, ಅವಳ ಮನಸ್ಸು ಓದಿದವನಂತೆ. "ಗುಂಡಿ ಬೆಳಿಗ್ಗೆಯೇ ತೋಡಿಯಾಗಿದೆ, ಆ ಮಗುವಿನ ಪಕ್ಕದಲ್ಲೇ. ನಾನೇ ನಿಂತು ತೋಡಿಸಿದ್ದೀನಿ. ಆ ಮುದುಕ ಬಂದು ಒಂದು ಮಾತು ಗೊಣಗ್ತಾನೆ. ಗಾಳಿಗೆ ಹೋಗೋ ಮಾತು. ಅಕ್ಕನಿಗೇನು ಕೇಳ್ಸುತ್ತಾ?"

"ನನಗೆ ಕೇಳ್ಸುತ್ತೆ ಮಾವ."

"ನೀನು ಕಿವಿ ಮುಚ್ಕೋ. ಇಲ್ಲಾಂದ್ರೆ ನಗರಸಭೆಯವರ ಹೆಣ ಹೂಳೋ ಮೈದಾನಕ್ಕೆ ಒಯ್ಯಬೇಕು, ಕಾರ್ಖಾನೆ ಹಿಂದೆ. ಅಲ್ಲಿ ಯಾರೂ ಏನೂ ಕೇಳಲ್ಲ, ನಿಜ. ಆದ್ರೆ ಆ ಮಗು ಇಲ್ಲೇ ಒಂಟಿಯಾಗಿ ಉಳಿಯುತ್ತೆ. ಅವಳು ಇಷ್ಟು ವರ್ಷ ಪಕ್ಕದ ಜಾಗ ನೋಡ್ಕೊಂಡಿದ್ದು ಯಾತಕ್ಕೆ?"

ಮಾವ ಕೆಟ್ಟವನಲ್ಲ. ಅಕ್ಕ ಗಂಡನ ಮನೆ ಬಿಟ್ಟು ಬಂದಾಗ ಇಡೀ ಪಂಥದಲ್ಲಿ ಬಾಗಿಲು ತೆರೆದವನು ಅವನೊಬ್ಬನೇ. ಅದಕ್ಕೇ ಅವನ ಮಾತು ಮಗಳನ್ನು ಹೆಚ್ಚು ಕಾಡಿತು. ಅವಳು ಪೆಟ್ಟಿಗೆಯನ್ನು ಮತ್ತೆ ಎತ್ತಿಕೊಂಡಳು, ಸುಕ್ಕಿಲ್ಲದ ಕಡೆಯೇ ಒತ್ತಿದಳು.

*

ಚಿಕ್ಕವಳು ಹುಟ್ಟುವ ಮೊದಲು, ಒಂದು ದಿನ ಬೆಳಿಗ್ಗೆ ದೊಡ್ಡವಳಿಗೆ ಜ್ವರ ಬಂತು. ಮಧ್ಯಾಹ್ನದ ಹೊತ್ತಿಗೆ ಮೈ ಕಾದ ಕಾವಲಿಯಂತಾಗಿ, ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತು. ಆಸ್ಪತ್ರೆ ದೂರವಿರಲಿಲ್ಲ, ತಾರಸಿಯ ಮೇಲೆ ನಿಂತರೆ ಅದರ ಬೋರ್ಡು ಕಾಣುತ್ತಿತ್ತು. ಆದರೆ ಗಂಡ ಮಂದಿರದಲ್ಲಿ ದಿನವಿಡೀ ನಡೆಯುವ ಪ್ರಾರ್ಥನೆಗೆ ಕೂತಿದ್ದ. ಅವನ ಮಾತಿಲ್ಲದೆ ಮನೆಯ ಸೊಸೆ ಬೀದಿಗಿಳಿಯುವ ಹಾಗಿರಲಿಲ್ಲ.

ಅತ್ತೆಯೇ ಮಂದಿರದ ತನಕ ಹೋಗಿ ಬಂದಳು.

"ತಾಳು ಅಂದ," ಎಂದಳು. "ಅರ್ಧಕ್ಕೆ ಏಳೋ ಹಾಗಿಲ್ವಂತೆ. ಮುಗಿದ ತಕ್ಷಣ ಬರ್ತಾನಂತೆ. ತಾಳಿದವನು ಬಾಳಿಯಾನು ಅಂತಾರೆ. ಸ್ವಲ್ಪ ತಾಳೇ."

ಸೊಸೆ ಹಣೆಯ ಒದ್ದೆಬಟ್ಟೆ ಬದಲಾಯಿಸಿದಳು. ಚಪ್ಪಲಿಗಳನ್ನು ಹೊಸ್ತಿಲ ಹತ್ತಿರ ತಂದಿಟ್ಟುಕೊಂಡು, ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಳು. ಅತ್ತೆ ಇನ್ನೊಮ್ಮೆ ಓಡಿದಳು. "ಇನ್ನೇನು ಮುಗೀತಂತೆ, ತಾಳ್ಬೇಕಂತೆ," ಎಂದು ಹೇಳುತ್ತಲೇ ಆ ಮುದುಕಿಯೂ ಮಗುವಿನ ಪಾದ ಉಜ್ಜತೊಡಗಿದಳು. ದೀಪ ಹಚ್ಚುವ ಹೊತ್ತಿಗೆ ಗಂಡ ಬಂದ. ಮಗುವಿನ ಮೈ ತಣ್ಣಗಾಗಿತ್ತು. ಜ್ವರ ಇಳಿದಿದೆ ಎಂದು ಅವನಿಗೆ ಮೊದಲು ಸಂತೋಷವಾಯಿತು.

ಮುಂದಿನ ಪ್ರಾರ್ಥನೆಯ ದಿನ ಆಗಿನ ಗುರುಗಳು ಸಭೆಯಲ್ಲಿ ಅವಳನ್ನು ಹೊಗಳಿದರು. ಹೆತ್ತ ಕರುಳು ಕಿತ್ತು ಬಂದರೂ ಗಂಡನ ಮಾತು ಮೀರದ ಹೆಣ್ಣು ಎಂದರು. ಗಂಡಸರೆಲ್ಲ ತಲೆದೂಗಿದರು. ಪರದೆಯ ಹಿಂದೆ ಹೆಂಗಸರ ನಡುವೆ ಕೂತಿದ್ದ ಅವಳು ಎದ್ದು ನಿಂತಳು. ಮನೆಗೆ ಬಂದು, ಒಂದು ಚೀಲಕ್ಕೆ ಬಟ್ಟೆ ತುಂಬಿಕೊಂಡು, ಹಾಡುಹಗಲಲ್ಲಿ ಹೊರಟುಹೋದಳು. ಯಾರಿಗೂ ಹೇಳಲಿಲ್ಲ, ಯಾರನ್ನೂ ಕೇಳಲಿಲ್ಲ. ಹೊಟ್ಟೆಯಲ್ಲಿ ಚಿಕ್ಕವಳಿದ್ದಳು.

ಬಹಳ ವರ್ಷಗಳ ನಂತರ, ಶಾಲೆಯಿಂದ ಬಂದ ಚಿಕ್ಕವಳು ಪಾಠದಲ್ಲಿದ್ದ ಅದೇ ಗಾದೆಯನ್ನು ಗಟ್ಟಿಯಾಗಿ ಓದುತ್ತಿದ್ದಳು. ತಾಯಿ ಇಸ್ತ್ರಿ ಮಾಡುತ್ತಿದ್ದವಳು ಕೈ ನಿಲ್ಲಿಸಲಿಲ್ಲ. "ನಿನ್ನ ಅಕ್ಕ ತಾಳಿದ್ಲು," ಎಂದಳು. "ಬಾಳಲಿಲ್ಲ. ನಾನು ಮಾಡಿದ ತಪ್ಪು ಅದೊಂದೇ, ಅವತ್ತು ತಾಳಿದ್ದು. ಅದನ್ನ ಕ್ಷಮಿಸೋಳು ಅವಳೊಬ್ಬಳೇ. ಬೇರೆ ಯಾರಿಗೂ ಹಕ್ಕಿಲ್ಲ."

*

ಗುರುಗಳು ಬಂದಾಗ ಕೋಣೆಯಲ್ಲಿದ್ದ ಹೆಂಗಸರು ಗೋಡೆಗೆ ಸರಿದರು. ಅವರ ಹಿಂದೆ ಒಬ್ಬ ಬಡಕಲು ಮುದುಕ ಬಂದು ಹೊಸ್ತಿಲ ಆಚೆಯೇ ನಿಂತ. ಮಗಳು ಅವನನ್ನು ಬಸ್ಸಿನ ಕನ್ನಡಿಯಲ್ಲಿ ಎಷ್ಟೋ ಸಲ ನೋಡಿದ್ದಳು. ಮುಂದಿನ ಬಾಗಿಲಿನಿಂದ ಹತ್ತಿ, ಅವಳ ಬೆನ್ನ ಹಿಂದಿನ ಸೀಟಿನಲ್ಲಿ ಕೂತು, ಒಂದು ಮಾತೂ ಆಡದೆ ಇಳಿದುಹೋಗುತ್ತಿದ್ದ ಮುದುಕ. ಆಗಲೇ ಅನುಮಾನವಿತ್ತು, ಈಗ ಖಾತ್ರಿಯಾಯಿತು.

"ಹೊತ್ತು ಏರ್ತಿದೆ ತಾಯಿ," ಎಂದರು ಗುರುಗಳು. ಅವರ ದನಿ ಯಾವಾಗಲೂ ಮೆತ್ತಗೆ. ತಾಯಿ ಇಸ್ತ್ರಿ ಮಾಡಿದ ನಿಲುವಂಗಿಯನ್ನೇ ಅವರು ತೊಟ್ಟಿದ್ದರು. ತೋಳಿನ ಮಡಿಕೆ ಅವಳ ಕೈಯದೇ ಎಂದು ಮಗಳಿಗೆ ಗೊತ್ತಾಯಿತು. "ನೀವು ಹ್ಞೂಂ ಅಂದ್ರೆ ಮಂಚ ಕಳಿಸ್ತೀನಿ."

"ಅಮ್ಮನಿಗೆ ಆ ಮಾತು ಬೇಡ ಅಂತ ಇತ್ತು ಗುರುಗಳೇ."

"ಸತ್ತವರಿಗೆ ಹಟ ಇರಲ್ಲ. ಇದು ಅವಮಾನ ಅಲ್ಲಮ್ಮ, ದಯೆ. ನನ್ನ ಹೆತ್ತ ತಾಯಿಗೂ ನಮ್ಮ ತಂದೆ ಇದೇ ಮಾತು ಹೇಳಿದ್ರು. ನಾನು ಪಕ್ಕದಲ್ಲೇ ಇದ್ದೆ."

"ನಿಮ್ಮ ತಂದೆಯವರು ಹೋದಾಗ ಯಾರು ಹೇಳಿದ್ರು?"

ಗುರುಗಳು ಕಣ್ಣು ಮಿಟುಕಿಸಿದರು. "ಗಂಡಸರಿಗೆ ಆ ಮಾತಿಲ್ಲ."

"ಯಾಕೆ, ತಪ್ಪು ಮಾಡೋಕೆ ಪುರುಸೊತ್ತಿಲ್ವಾ ಅವರಿಗೆ?" ಎಂದಳು ದರ್ಜಿಯಾಕೆ ಗೋಡೆಗೆ ಮುಖ ಮಾಡಿಕೊಂಡು. ಯಾರೋ ಕೆಮ್ಮಿದರು. ಅದು ಕೆಮ್ಮೋ ನಗುವೋ ತಿಳಿಯಲಿಲ್ಲ.

ಮಗಳು ನೇರವಾಗಿ ಹೊಸ್ತಿಲ ಕಡೆ ತಿರುಗಿದಳು. ಅಪ್ಪ ಎನ್ನಲು ನಾಲಿಗೆ ಏಳಲಿಲ್ಲ. "ನೀವು ಹೇಳಿ. ಯಾವ ತಪ್ಪನ್ನ ಕ್ಷಮಿಸ್ತೀರಾ?"

ಮುದುಕ ಗುರುಗಳ ಮುಖ ನೋಡಿದ. "ಹೇಳಿಕೊಟ್ಟಿರೋ ಮಾತಿದೆ. ಅದನ್ನ ಹೇಳ್ತೀನಿ."

"ಅದು ಗೊತ್ತು. ಯಾವ ತಪ್ಪು?"

ಒಳಕೋಣೆಯಲ್ಲಿ ಫ್ಯಾನು ಕಿರ್ ಕಿರ್ ಎನ್ನುತ್ತಿತ್ತು. "ಹೇಳದೆ ಹೋದ್ಲು," ಎಂದ ಮುದುಕ ಕೊನೆಗೆ, ನೆಲ ನೋಡುತ್ತ. "ಮನೆಗೆ ಬಂದಾಗ ಬಾಗಿಲು ತೆರೆದಿತ್ತು. ಎಲ್ಲಿಗೆ ಅಂತ ಹೇಳಿರಲಿಲ್ಲ."

"ನೋಡಿದ್ರಾ?" ಎಂದರು ಗುರುಗಳು, ಹೇಳಿದ ಪಾಠ ಒಪ್ಪಿಸಿದ್ದಕ್ಕೆ ಸಮಾಧಾನ ಪಟ್ಟವರಂತೆ.

ಮಾವ ಅವಳ ಭುಜ ಹಿಡಿದು ಪಕ್ಕಕ್ಕೆ ಕರೆದ. "ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬರಲ್ಲ ಕಣೇ. ನಾಳೆ ನೀನೇ ಅಳ್ತೀಯ. ಅಯ್ಯೋ, ಅಮ್ಮನ್ನ ಎಲ್ಲೋ ಬಿಟ್ಟುಬಂದೆ ಅಂತ. ಹ್ಞೂಂ ಅನ್ನು."

ಕಾರ್ಖಾನೆಯ ಹಿಂದಿನ ಆ ಬಯಲು ಮಗಳ ಕಣ್ಣಿಗೆ ಬಂತು. ದೊಡ್ಡವಳ ಪುಟ್ಟ ಗುರುತುಕಲ್ಲು ಕಣ್ಣಿಗೆ ಬಂತು. ಗೇಟಿನ ಹೊರಗೆ ನಿಂತು ಕಂಬಿಗಳ ನಡುವಿನಿಂದ ತಾಯಿ ಅದನ್ನು ತೋರಿಸುತ್ತಿದ್ದಳು. ಹ್ಞೂಂ ಎಂದುಬಿಡೋಣ ಎನ್ನಿಸಿತು. ತಾನು ಹಿಡಿದಿರುವುದು ತಾಯಿಯ ಮಾತೋ, ತನ್ನ ಹಟವೋ ಎಂದು ಅವಳಿಗೆ ಆ ಗಳಿಗೆಯಲ್ಲಿ ಹೆದರಿಕೆಯಾಯಿತು.

"ಆಗಲ್ಲ," ಎಂದಳು. ತನ್ನ ದನಿ ತನಗೇ ಬೇರೆಯವರದೆನ್ನಿಸಿತು.

ಗುರುಗಳು ನಿಟ್ಟುಸಿರುಬಿಟ್ಟರು. "ಹಾಗಾದ್ರೆ ಮಂಚವೂ ಇಲ್ಲ, ಮಣ್ಣೂ ಇಲ್ಲ. ನನ್ನ ಕೈಲಿಲ್ಲಮ್ಮ. ಗುಂಡಿ ಮುಚ್ಚೋಕೆ ಹೇಳ್ತೀನಿ." ಅವರು ಹೊರಟರು. ಮುದುಕ ಒಳಕೋಣೆಯ ಕಡೆ ಒಮ್ಮೆ ಕತ್ತು ಚಾಚಿ ನೋಡಿದ. ಅಲ್ಲಿಂದ ಪಾದಗಳಷ್ಟೇ ಕಾಣುತ್ತಿದ್ದವು. ಆಮೇಲೆ ಅವನೂ ಗುರುಗಳ ಹಿಂದೆ ಹೋದ.

*

ಗುರುಗಳ ಮನೆಯ ಹಿಂದಿನ ಕಿಟಕಿ ಇಸ್ತ್ರಿ ಅಂಗಡಿಯ ಗಲ್ಲಿಗೆ ತೆರೆದುಕೊಳ್ಳುತ್ತಿತ್ತು. ವರ್ಷಗಳ ಹಿಂದೆ ಒಂದು ಮಧ್ಯಾಹ್ನ ಆ ಕಿಟಕಿಯ ಕಂಬಿಗೆ ಯಾರೋ ಚಮಚದಿಂದ ಬಡಿದರು. ಗಡಿಬಿಡಿಯಮ್ಮ ತಲೆಯೆತ್ತಿ ನೋಡಿದಳು. ಗುರುಗಳ ಹೆಂಡತಿ, ಇನ್ನೂ ಹುಡುಗಿ, ಮಗುವನ್ನು ಎದೆಗವಚಿಕೊಂಡು ನಿಂತಿದ್ದಳು. ಮಗುವಿನ ತುಟಿ ನೀಲಿಗಟ್ಟಿತ್ತು.

"ಅವರು ಪ್ರಾರ್ಥನೇಲಿದ್ದಾರೆ ಅಕ್ಕ. ಕೇಳಿಕಳಿಸಿದ್ದೀನಿ. ಇನ್ನೂ..."

ಮುಂದಿನ ಮಾತಿಗೆ ಗಡಿಬಿಡಿಯಮ್ಮ ಅಲ್ಲಿರಲಿಲ್ಲ. ಹಿತ್ತಲ ಬಾಗಿಲಿಗೆ ಓಡಿ, ಮಗುವನ್ನು ಕಸಿದುಕೊಂಡು, ಬರಿಗಾಲಲ್ಲೇ ಆಸ್ಪತ್ರೆಯ ದಾರಿ ಹಿಡಿದಿದ್ದಳು. ಮಗುವಿನ ತಾಯಿ ಹೊಸ್ತಿಲ ಒಳಗೇ ನಿಂತಳು. ಮಗು ಉಳಿಯಿತು. ಕೈಯಿಂದ ಬಿಟ್ಟುಹೋದ ಇಸ್ತ್ರಿಪೆಟ್ಟಿಗೆ ಗುರುಗಳ ನಿಲುವಂಗಿಯ ಬೆನ್ನನ್ನೂ, ಮೇಜಿಗೆ ಹಾಸಿದ ಕಂಬಳಿಯನ್ನೂ ಸುಟ್ಟು, ಹಲಗೆಯ ತನಕ ಇಳಿದಿತ್ತು.

ಮರುದಿನ ಅವಳು ತೂತಾದ ನಿಲುವಂಗಿಯನ್ನು ನೀಟಾಗಿ ಮಡಚಿ ಗುರುಗಳಿಗೆ ಮುಟ್ಟಿಸಿದಳು. "ಬಟ್ಟೆ ಹೋಯ್ತು, ಮಗು ಇದೆ," ಎಂದಳು. ಅಪ್ಪಣೆಯಿಲ್ಲದೆ ಮನೆಯ ಮಕ್ಕಳನ್ನು ಪರರ ಕೈಗೆ ಕೊಡಬಾರದೆಂದು ಗುರುಗಳು ಆ ವಾರ ಸಭೆಯಲ್ಲಿ ಹೇಳಿದರು. ಅದರ ಮುಂದಿನ ವಾರ ಅವರ ಬಟ್ಟೆಯ ಗಂಟು ಎಂದಿನಂತೆ ಇಸ್ತ್ರಿಗೆ ಬಂತು. ಬೀದಿಯ ಕಿಟಕಿಗಳಲ್ಲಿ ಅವಳನ್ನು ಕರೆಯುವ ಚಮಚದ ಸದ್ದು ಮಾತ್ರ ನಿಲ್ಲಲಿಲ್ಲ.

*

"ಯಾವ ಮಂಚ ಕಣೇ? ಮೇಜಿಲ್ವಾ?" ಎಂದಳು ದರ್ಜಿಯಾಕೆ.

ಎರಡು ಮರದ ಸ್ಟ್ಯಾಂಡುಗಳ ಮೇಲೆ ಇಟ್ಟ ದಪ್ಪ ಹಲಗೆಯೇ ತಾಯಿಯ ಇಸ್ತ್ರಿ ಮೇಜು. ನಗರಸಭೆಯ ಮೈದಾನಕ್ಕಾದರೂ ಒಯ್ಯಬೇಕಲ್ಲ ಎಂದುಕೊಂಡು ಮಗಳು ಬಿಳಿ ಬಟ್ಟೆಯನ್ನು ತೆಗೆದಿಟ್ಟು, ಹಲಗೆಗೆ ಹೊದಿಸಿದ್ದ ಹಳೆಯ ಕಂಬಳಿಯನ್ನು ಎಳೆದಳು. ಮರದ ತುಂಬ ಇಸ್ತ್ರಿಪೆಟ್ಟಿಗೆಯ ಆಕಾರದ ಸುಟ್ಟ ಗುರುತುಗಳಿದ್ದವು. ಕೆಲವು ಮಸುಕು, ಕೆಲವು ಕಲ್ಲಿದ್ದಲಿನ ಕಪ್ಪು, ಒಂದರ ಮೇಲೊಂದು ಹತ್ತಿಕೊಂಡವು ಕೆಲವು. ಮಗಳು ಇವನ್ನು ಚಿಕ್ಕಂದಿನಿಂದ ನೋಡಿದ್ದಳು. ಅಮ್ಮನಿಗೆ ಕೆಲಸದಲ್ಲಿ ನಿಗಾ ಸಾಲದು ಎಂದೇ ತಿಳಿದಿದ್ದಳು.

"ಇದು ನನ್ನ ಮಗಳದು," ಎಂದು ದರ್ಜಿಯಾಕೆ ಒಂದು ಗುರುತಿನ ಮೇಲೆ ಬೆರಳಿಟ್ಟಳು. "ಬಿಸಿನೀರು ಚೆಲ್ಲಿಕೊಂಡಿದ್ದಾಗ. ಇದು ಮೂಲೆಮನೆಯವಳ ಹೆರಿಗೆ ನೋವಿಂದು."

ಗೋಡೆಗೆ ಒರಗಿದ್ದ ಹೆಂಗಸರು ಒಬ್ಬೊಬ್ಬರಾಗಿ ಮುಂದೆ ಬಂದರು. ಆಗ ಹಿಂಬಾಗಿಲಿನಿಂದ ಇನ್ನೊಬ್ಬಳು ಒಳಗೆ ಬಂದಳು. ಗುರುಗಳ ಹೆಂಡತಿ. ಅವಳನ್ನು ಯಾರೂ ಬೀದಿಯಲ್ಲಿ ಒಂಟಿಯಾಗಿ ನೋಡಿದವರಿರಲಿಲ್ಲ. ಅವಳು ಯಾರನ್ನೂ ಮಾತಾಡಿಸದೆ, ಹಲಗೆಯ ನಡುವಿನ ಆಳವಾದ ಕಪ್ಪು ಗುರುತಿನ ಮೇಲೆ ಅಂಗೈ ಊರಿದಳು.

"ನಮ್ಮವನದು," ಎಂದಳು. ಆಮೇಲೆ ಮಗಳ ಕಡೆ ತಿರುಗಿದಳು. "ಗುಂಡಿ ಇನ್ನೂ ಮುಚ್ಚಿಲ್ಲ. ತೋಡುವವನು ಊಟಕ್ಕೆ ಹೋಗಿದ್ದಾನೆ. ನಿಮ್ಮಮ್ಮ ಆಗಿದ್ರೆ ಈಗ ಏನು ಮಾಡ್ತಿದ್ರು?"

ಮಗಳು ಒಳಕೋಣೆಗೆ ನಡೆದು ತಾಯಿಯ ಹೆಗಲಿನ ಕೆಳಗೆ ಕೈ ತೂರಿದಳು.

ಹಲಗೆಯ ಮೇಲೆ ಸುಕ್ಕಿಲ್ಲದ ಬಿಳಿ ಬಟ್ಟೆ ಹೊದ್ದು ಗಡಿಬಿಡಿಯಮ್ಮ ಬೀದಿಗೆ ಬಂದಳು. ಮುಂದಿನ ಮೂಲೆಗಳಿಗೆ ಮಗಳೂ ದರ್ಜಿಯಾಕೆಯೂ, ಹಿಂದೆ ಗುರುಗಳ ಹೆಂಡತಿಯೂ ಮೂಲೆಮನೆಯಾಕೆಯೂ ಹೆಗಲು ಕೊಟ್ಟರು. ಹೆಣ ಹೊತ್ತು ಅಭ್ಯಾಸವಿಲ್ಲದ ಹೆಗಲುಗಳು. ಹಲಗೆ ಒಂದು ಕಡೆ ವಾಲುತ್ತಿತ್ತು. ಹೆಜ್ಜೆ ಹೊಂದಿಸಿಕೊಳ್ಳಲು ಹೋಗಿ ಎಲ್ಲರೂ ಬೇಗ ಬೇಗ ನಡೆದರು. ಬೀದಿ ತಿರುಗುವ ಹೊತ್ತಿಗೆ ಅದು ಅರ್ಧ ಓಟವೇ ಆಗಿತ್ತು.

"ನಿಧಾನ ಕಣ್ರಮ್ಮಾ, ಬೀಳಿಸೀರಿ!" ಎಂದು ಮಾವ ಹಿಂದೆ ಓಡಿಬಂದ. ಯಾರೂ ನಿಲ್ಲದ್ದನ್ನು ಕಂಡು, ವಾಲುತ್ತಿದ್ದ ಕಡೆಗೆ ತಾನೂ ಕೈ ಕೊಟ್ಟ. "ಅಕ್ಕನ ಬುದ್ಧಿ ಎಲ್ಲಿಗೆ ಹೋಗುತ್ತೆ," ಎಂದು ಗೊಣಗಿದ. ಅವನ ಕಣ್ಣಿಂದ ನೀರು ಸುರಿಯುತ್ತಿತ್ತು.

ಗೇಟಿನ ಬಳಿ ಗುರುಗಳಿದ್ದರು, ಪಂಥದ ಹಿರಿಯರಿದ್ದರು, ಮುದುಕನಿದ್ದ. ಬರುತ್ತಿದ್ದವರನ್ನು ನೋಡಿ ಗುರುಗಳು ಎರಡೂ ಕೈ ಎತ್ತಿದರು. ಹಿಂದಿನ ಮೂಲೆಯಲ್ಲಿ ತಮ್ಮ ಹೆಂಡತಿಯನ್ನು ಕಂಡಾಗ ಅವರ ಕೈಗಳು ಎತ್ತಿದಲ್ಲೇ ನಿಂತುಬಿಟ್ಟವು.

"ನೀನು... ಯಾರನ್ನ ಕೇಳಿ ಬಂದೆ?"

ಅವಳು ಮುಖ ತಗ್ಗಿಸಲಿಲ್ಲ. ಹಲಗೆಯ ಭಾರಕ್ಕೆ ಅವಳ ಕತ್ತಿನ ನರ ಉಬ್ಬಿತ್ತು.

"ತಾಳಿ," ಎಂದರು ಗುರುಗಳು. ಮೆತ್ತಗಿನ ದನಿ ಮೊದಲ ಸಲ ಒಡೆಯಿತು. "ಸ್ವಲ್ಪ ತಾಳಿ ಎಲ್ಲರೂ. ಹಿರಿಯರು ಕೂತು ಮಾತಾಡ್ಲಿ. ಅಲ್ಲೀತನಕ ತಾಳಿ."

ಆ ಮಾತು ಬಿದ್ದದ್ದೇ ಮಗಳಿಗೆ ಮೈಯೆಲ್ಲ ಉರಿಯಿತು. ಆದರೆ ಮುಂದೆ ದಾರಿಯಿರಲಿಲ್ಲ. ಗೇಟು ಸ್ಪ್ರಿಂಗಿನದು, ತಳ್ಳಿ ಹಿಡಿಯದಿದ್ದರೆ ತಾನೇ ಮುಚ್ಚಿಕೊಳ್ಳುವಂಥದ್ದು. ಹೊತ್ತವರ ಯಾರ ಕೈಯೂ ಖಾಲಿ ಇರಲಿಲ್ಲ, ಹಿಂದೆ ಬರುತ್ತಿದ್ದ ಬೀದಿಯ ಹೆಂಗಸರು ಇನ್ನೂ ತಲುಪಿರಲಿಲ್ಲ. ಹಿರಿಯರು ಅಲುಗಲಿಲ್ಲ. ಹೆಗಲ ಮೇಲೆ ಹಲಗೆ ಜಾರತೊಡಗಿತು.

ಮುದುಕ ಒಂದು ಹೆಜ್ಜೆ ಮುಂದೆ ಬಂದ. ಗಂಟಲು ಸರಿಮಾಡಿಕೊಂಡ. ಬಾಯಿ ತೆರೆದ. ಗುರುಗಳ ಮುಖದಲ್ಲಿ ಸಮಾಧಾನ ಕಂಡಿತು. ಮಗಳಿಗೆ ಎರಡೂ ಕೈಯಿಂದ ಹಲಗೆ ಹಿಡಿದಿದ್ದರಿಂದ ಕಿವಿ ಮುಚ್ಚಿಕೊಳ್ಳಲಾಗಲಿಲ್ಲ. ಬೇಡ, ಹೇಳಬೇಡಿ ಎಂದು ಅವಳು ಒಳಗೇ ಬೇಡಿಕೊಂಡಳು.

ಮುದುಕ ಗೇಟಿಗೆ ಬೆನ್ನು ಕೊಟ್ಟು ಅದನ್ನು ಹಿಂದಕ್ಕೆ ತಳ್ಳಿದ. ತುಕ್ಕು ಹಿಡಿದ ಸ್ಪ್ರಿಂಗು ಕಿರುಗುಟ್ಟಿ, ಗೇಟು ಅಗಲವಾಗಿ ತೆರೆದುಕೊಂಡಿತು.

"ಹೋಗಿ," ಎಂದ. "ತಡ ಆಗ್ತಿದೆ, ಹೋಗಿ."

ಅವರು ಹೋದರು. ಮಗಳು, ದರ್ಜಿಯಾಕೆ, ಮಾವ, ಗುರುಗಳ ಹೆಂಡತಿ, ಮೂಲೆಮನೆಯಾಕೆ, ಆಮೇಲೆ ಬೀದಿಯ ಹೆಂಗಸರೆಲ್ಲ. ಎಷ್ಟೋ ಜನರು ಅಲ್ಲಿ ಹೆತ್ತವರನ್ನೂ ಮಕ್ಕಳನ್ನೂ ಕಳಿಸಿಕೊಟ್ಟಿದ್ದರೂ ಒಳಗೆ ಕಾಲಿಟ್ಟದ್ದು ಅದೇ ಮೊದಲು. ಪುಟ್ಟ ಗುರುತುಕಲ್ಲು ಮಗಳು ಕಂಬಿಗಳ ನಡುವಿನಿಂದ ಅಂದಾಜು ಮಾಡಿದ್ದಕ್ಕಿಂತಲೂ ಚಿಕ್ಕದಾಗಿತ್ತು. ತಾಯಿಯನ್ನು ಅದರ ಪಕ್ಕದಲ್ಲಿ ಇಳಿಸಿದರು. ಯಾರೂ ಏನೂ ಹೇಳಲಿಲ್ಲ. ಗುದ್ದಲಿಯಿಂದ ಮಾವ, ಕೈಯಿಂದ ಹೆಂಗಸರು, ಮಣ್ಣು ಎಳೆದರು. ಊಟದಿಂದ ಬಂದ ತೋಡುವವನು ಸ್ವಲ್ಪ ಹೊತ್ತು ನೋಡಿ, ಚಪ್ಪಲಿ ಕಳಚಿಟ್ಟು, ತಾನೂ ಕೈ ಹಾಕಿದ.

ಬರಿಯ ಹಲಗೆ ಎತ್ತಿಕೊಂಡು ಅವರು ವಾಪಸು ಹೊರಟಾಗ ಗುರುಗಳೂ ಹಿರಿಯರೂ ಹೋಗಿಯಾಗಿತ್ತು. ಬಿಸಿಲು ಇಳಿದಿತ್ತು. ಮುದುಕ ಅದೇ ಜಾಗದಲ್ಲಿ, ಗೇಟಿಗೆ ಬೆನ್ನು ಒತ್ತಿಕೊಂಡು ನಿಂತೇ ಇದ್ದ. ಬಿಡು ಎಂದು ಅವನಿಗೆ ಯಾರೂ ಹೇಳಿರಲಿಲ್ಲ.